ಗಂಟೆ ಬಾರಿಸಿದ ಮೇಲಿನ ವಿದ್ಯೆ



ಪಾಠಶಾಲೆಯ ಕೊನೆಯ ಗಂಟೆಯೊಡನೆ ವಿದ್ಯೆಯೂ ಮುಗಿಯಿತೆಂದು ನಾವು ಭಾವಿಸುವುದುಂಟು. ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ಮಕ್ಕಳಿಗೆ ಇದಕ್ಕೆ ಉತ್ತರವು ನೆರೆಯಲ್ಲಿಯೇ ಇದೆ. ಯಳಂದೂರಿನ ಸಂಚಿಯ ಹೊನ್ನಮ್ಮನು 17ನೆಯ ಶತಮಾನದ ಕೊನೆಯಲ್ಲಿ ಮೈಸೂರು ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದವಳು. ಆ ಊಳಿಗದ ನಡುವೆಯೇ ಸಿಂಗರಾರ್ಯನಿಂದ ಕಾವ್ಯವನ್ನು ಕಲಿತು, ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದಳು.

ನಾಟಕ, ಚರ್ಚಾಕೂಟ, ಪ್ರವಾಸಗಳು ಪಾಠಕ್ಕೆ ಶತ್ರುಗಳಲ್ಲ. ಯಳಂದೂರಿನ ಬಳೇಮಂಟಪದ ಕಲ್ಲುಬಳೆಗಳ ಸರಪಣಿಯನ್ನು ಕಣ್ಣಾರೆ ಕಂಡ ಬಾಲಕನು ಶಿಲ್ಪವೆಂದರೇನೆಂಬುದನ್ನು ಮರೆಯಲಾರನು. ಆದರೆ ಗಂಟೆಯಾದೊಡನೆ ಮನೆಗೆಲಸವು ಕರೆಯುವ ಬಾಲಕಿಗೆ ಈ ಭಾಗ್ಯವೆಲ್ಲಿಯದು? ಆಕೆಯ ಕೆಲಸವನ್ನು ಮನೆಯವರೆಲ್ಲರೂ ಹಂಚಿಕೊಂಡು, ಸಂಜೆಯ ಒಂದು ಗಂಟೆಯನ್ನು ಆಕೆಗೂ ಬಿಡೋಣ. ಹೊನ್ನಮ್ಮನಿಗೆ ದೊರೆತ ಬಿಡುವು ನಮ್ಮ ಹೆಣ್ಣುಮಕ್ಕಳಿಗೆ ದೊರೆಯದಿದ್ದರೆ, ಆಕೆಯನ್ನು ಹೊಗಳುವ ಹಕ್ಕು ನಮಗಿಲ್ಲ.