ಹಳದಿ ಗೂಡಿನ ಕುಲಕಥೆ



ರಾಮನಗರದ ಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಹೋದರೆ ಒಂದು ಲಾಟಿನಲ್ಲಿ ಹಳದಿ ಗೂಡು, ಪಕ್ಕದ ಲಾಟಿನಲ್ಲಿ ಬಿಳಿ ಗೂಡು. ಹಳದಿಯದು ಮಿಶ್ರತಳಿ, ಬಿಳಿಯದು ದ್ವಿತಳಿ. ಮನೆಯಲ್ಲಿ ಹುಳು ಸಾಕಿದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಜೀವಿಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಬದಲಾಗುತ್ತವೆ ಎಂದು ಡಾರ್ವಿನ್ ತನ್ನ ಜೀವಮಾನವಿಡೀ ಬೆನ್ನುಹತ್ತಿದ ಪ್ರಶ್ನೆಗೆ ಆ ಎರಡು ಲಾಟುಗಳಲ್ಲೇ ಉತ್ತರವಿದೆ ಎಂದು ತೋರಿಸುವುದಷ್ಟೇ ಇವತ್ತಿನ ನನ್ನ ಆಸೆ.

ಮೊದಲು ಮೊಟ್ಟೆಯನ್ನು ನೋಡೋಣ. ದ್ವಿತಳಿಯ ಮೂಲ ಚಳಿದೇಶಗಳದ್ದು. ಚಳಿಗಾಲದಲ್ಲಿ ಅಲ್ಲಿ ಹಿಪ್ಪುನೇರಳೆ ಎಲೆ ಉದುರಿ ಬೋಳಾಗಿರುತ್ತದೆ. ಆ ಹೊತ್ತಿಗೆ ಮೊಟ್ಟೆ ಒಡೆದರೆ ಮರಿಹುಳು ಉಪವಾಸ ಸಾಯಬೇಕು. ಚಳಿ ಕಳೆಯುವ ತನಕ ಮಲಗಿರಬಲ್ಲ ಮೊಟ್ಟೆಗಳ ಸಂತತಿ ಮಾತ್ರ ಉಳಿಯಿತು. ನಮ್ಮಲ್ಲಿ ನೀರಿದ್ದರೆ ವರ್ಷವಿಡೀ ಸೊಪ್ಪು. ಇಲ್ಲಿ ಮಲಗುವ ಮೊಟ್ಟೆಗೆ ಯಾವ ಲಾಭವೂ ಇಲ್ಲ. ಇಲ್ಲಿನದೇ ಆದ ಮೈಸೂರು ತಳಿಯ ಮೊಟ್ಟೆ ಹತ್ತು ಹನ್ನೊಂದು ದಿನಕ್ಕೇ ಒಡೆಯುತ್ತದೆ. ಯಾರೂ ಕೂತು ಯೋಚಿಸಿ ಮಾಡಿದ ಏರ್ಪಾಡಲ್ಲ ಇದು. ಮೊಟ್ಟೆಗಳಲ್ಲಿ ಮೊದಲೇ ವ್ಯತ್ಯಾಸವಿತ್ತು, ಹವೆ ಅದರಲ್ಲಿ ಹೆಕ್ಕಿತು.

ಟಿಪ್ಪುವಿನ ಕಾಲದಿಂದ ಈ ಸೀಮೆಯಲ್ಲಿ ರೇಷ್ಮೆ ಕೃಷಿ ನಡೆದುಬಂದಿದೆ. ಬೇಸಿಗೆಯ ಧಗೆಯಲ್ಲಿ, ಹೆಂಚಿನ ಮನೆಯ ಮೂಲೆಯ ತಟ್ಟೆಗಳಲ್ಲಿ ಪ್ರತಿ ಬೆಳೆಗೂ ಕೆಲವು ಹುಳು ಹಾಲುತೊಂಡೆಗೆ, ಕೆಲವು ಸಪ್ಪೆರೋಗಕ್ಕೆ ಸಾಯುತ್ತಿದ್ದವು. ಪೊರೆ ಕಳಚುವ ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆ ಏರಿ ಗೂಡು ಕಟ್ಟಿದವು ಮಾತ್ರ ಮುಂದಿನ ಬೆಳೆಗೆ ಬಿತ್ತನೆ. ರೈತ ಒಳ್ಳೆಯ ಗೂಡನ್ನು ಆರಿಸುವ ಮುನ್ನವೇ ಬಿಸಿಲೂ ರೋಗವೂ ತಮ್ಮ ಆಯ್ಕೆ ಮುಗಿಸಿರುತ್ತಿದ್ದವು. ವರ್ಷಕ್ಕೆ ಐದಾರು ಪೀಳಿಗೆಯಂತೆ ಹೀಗೆ ನೂರಾರು ಪೀಳಿಗೆ ನಡೆದು ಮೈಸೂರು ತಳಿ ಗಟ್ಟಿಯಾಯಿತು. ಬೆಲೆಯನ್ನೂ ತೆತ್ತಿತು: ಅದರ ಗೂಡು ತೆಳು, ನೂಲು ಸುಮಾರು 400 ಮೀಟರ್. ದ್ವಿತಳಿಯ ಗೂಡು ಸಾವಿರ ಮೀಟರಿನ ಆಸುಪಾಸು ಬಿಚ್ಚುತ್ತದೆ.

ಮನುಷ್ಯನ ಆಯ್ಕೆ ಇನ್ನೊಂದು ಬಗೆಯದು. ಅವನು ಕೇಳಿದ್ದು ನೂಲು. ಹಾರಾಟವನ್ನು ಅವನು ಕೇಳಲೇ ಇಲ್ಲ. ಸಾವಿರಾರು ವರ್ಷ ಕಳೆದ ಮೇಲೆ ಚಿಟ್ಟೆಗೆ ರೆಕ್ಕೆ ಉಳಿಯಿತು, ಹಾರುವ ಬಲ ಹೋಯಿತು. 1868ರಲ್ಲಿ ಪಳಗಿದ ಪ್ರಾಣಿಗಳ ಬಗ್ಗೆ ಬರೆದ ಗ್ರಂಥದಲ್ಲಿ ಡಾರ್ವಿನ್ ರೇಷ್ಮೆ ಚಿಟ್ಟೆಯನ್ನೂ ಚರ್ಚಿಸಿದ್ದಾನೆ. ಗುಣಗಳು ಪೀಳಿಗೆಯಿಂದ ಪೀಳಿಗೆಗೆ ದಾಟುವ ಲೆಕ್ಕ ಮಾತ್ರ ಅವನ ಕೈಗೆ ಸಿಗಲಿಲ್ಲ. ಮೆಂಡೆಲ್ ಬಟಾಣಿ ಗಿಡದಲ್ಲಿ ಕಂಡ ಆ ಲೆಕ್ಕವನ್ನು ರೇಷ್ಮೆ ಹುಳುವಿನಲ್ಲಿ 1906ರಲ್ಲಿ ತೋರಿಸಿಕೊಟ್ಟವನು ಜಪಾನಿನ ತೊಯಾಮಾ ಕಮೆತಾರೊ.

ಆ ಲೆಕ್ಕವೇ ಇಂದು ನಮ್ಮ ಅನ್ನ. ಮೈಸೂರು ಹೆಣ್ಣು ಚಿಟ್ಟೆಗೆ ಸಿಎಸ್‌ಆರ್-2 ಎಂಬ ದ್ವಿತಳಿಯ ಗಂಡನ್ನು ಕೂಡಿಸಿದರೆ ತಾಯಿಯ ತಾಳಿಕೆ, ತಂದೆಯ ನೂಲು ಎರಡೂ ಒಂದಷ್ಟು ಸೇರಿ ಹಳದಿ ಗೂಡಿನ ಮಿಶ್ರತಳಿ ಬರುತ್ತದೆ. ಇಷ್ಟು ಚೆನ್ನಾದ ಗೂಡಿನಿಂದಲೇ ಮನೆಯಲ್ಲಿ ಮೊಟ್ಟೆ ಇಡಿಸಬಾರದೇಕೆ? ಮುಂದಿನ ಪೀಳಿಗೆಯಲ್ಲಿ ಗುಣಗಳು ಮತ್ತೆ ಚದುರುತ್ತವೆ. ಒಂದು ಹುಳು ಅಜ್ಜಿಯ ಹಾಗೆ, ಒಂದು ತಾತನ ಹಾಗೆ. ಒಂದೇ ದಿನ ಹಣ್ಣಾಗುವುದಿಲ್ಲ, ಗೂಡೂ ಒಂದೇ ಸಮ ಬರುವುದಿಲ್ಲ. ಆದ್ದರಿಂದಲೇ ಮಾಗಡಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಶುದ್ಧ ಮೈಸೂರು ತಳಿಯನ್ನು ಬಿತ್ತನೆಗೆಂದೇ ಸಾಕುತ್ತಾರೆ. ಆ ರೈತರ ಕೈಯಲ್ಲಿರುವುದು ಈ ಸೀಮೆಯ ಬಿಸಿಲು ನೂರಾರು ಪೀಳಿಗೆ ಹೆಕ್ಕಿಟ್ಟ ಆಸ್ತಿ. ಅದು ಕೈಬಿಟ್ಟರೆ ಯಾವ ಪ್ರಯೋಗಾಲಯವೂ ಅದನ್ನು ಹೊಸದಾಗಿ ಕಟ್ಟಿಕೊಡಲಾರದು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ.

ಸೊಪ್ಪಿನದೂ ಇದೇ ಕಥೆ, ಅರ್ಧಕ್ಕೆ. ಚನ್ನಪಟ್ಟಣದ ಕಣ್ವ ಫಾರಂನಲ್ಲಿ ನಾಟಿ ಹಿಪ್ಪುನೇರಳೆಯ ಸಸಿಗಳ ನಡುವೆ ಆರಿಸಿದ ಗಿಡವೇ ಕಣ್ವ-2, ನಾವು ಎಂ-5 ಎನ್ನುವುದು. ಆದರೆ ಅದನ್ನು ಕಡ್ಡಿ ನೆಟ್ಟು ಬೆಳೆಸುತ್ತೇವೆ. ಒಂದು ಎಕರೆಯ ಅಷ್ಟೂ ಗಿಡ ವಂಶದ ಲೆಕ್ಕದಲ್ಲಿ ಒಂದೇ ಗಿಡ. ಬೇರುಕೊಳೆ ಹೊಕ್ಕರೆ ಅವುಗಳಲ್ಲಿ ಹುಟ್ಟಿನಿಂದಲೇ ಬೇರೆಯಾಗಿ ಎದುರು ನಿಲ್ಲುವ ಗಿಡವೊಂದು ಸಿಗದು.

ಆಯ್ಕೆಗೂ ಮಿತಿಯಿದೆ. ಅದನ್ನು ಕಾಣಲು ಈಗ ತಲೆ ಎತ್ತಿ ರಾಮನಗರದ ರಾಮದೇವರ ಬೆಟ್ಟ ನೋಡಿ. ಅಲ್ಲಿನ ಉದ್ದ ಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಅದು ರಕ್ಷಿತ ಧಾಮವಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಗುವ ಹೊತ್ತಿಗೆ ದೇಶದಲ್ಲಿ ಈ ಜಾತಿಯ ಬಹುಪಾಲು ಹದ್ದುಗಳು ಹೋಗಿದ್ದವು. ಹುಳು ಬಿಸಿಲಿಗೆ ಒಗ್ಗಿದಂತೆ ಹದ್ದು ಈ ವಿಷಕ್ಕೆ ಏಕೆ ಒಗ್ಗಲಿಲ್ಲ? ರೇಷ್ಮೆ ಚಿಟ್ಟೆ ಒಂದೇ ಸಲಕ್ಕೆ ನಾನೂರರಷ್ಟು ಮೊಟ್ಟೆ ಇಡುತ್ತದೆ. ರಣಹದ್ದು ವಯಸ್ಸಿಗೆ ಬರಲು ಐದು ವರ್ಷವಾದರೂ ಬೇಕು, ಆಮೇಲೆ ವರ್ಷಕ್ಕೆ ಒಂದೇ ಮೊಟ್ಟೆ. ಹೆಕ್ಕಲು ರಾಶಿಯೂ ಇರಲಿಲ್ಲ, ಕಾಲವೂ ಇರಲಿಲ್ಲ. ಬಂಡೆಯ ಮೇಲೆ ಈಗ ಉಳಿದಿರುವುದು ಬೆರಳೆಣಿಕೆಯ ಹಕ್ಕಿಗಳು. ಇಷ್ಟು ಸಣ್ಣ ಗುಂಪಿನಲ್ಲಿ ಯಾವ ಗುಣ ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ಬಹುಮಟ್ಟಿಗೆ ಆಕಸ್ಮಿಕವೇ ನಿರ್ಧರಿಸುತ್ತದೆ. ಆ ಕೋಡುಗಲ್ಲಿನ ಗೂಡಿನಿಂದ ಒಂದು ಮರಿ ಜಾರಿ ಬಿದ್ದರೆ, ಅದರ ಜೊತೆಗೆ ಒಂದು ಮನೆತನದ ಗುಣವೇ ಬೆಟ್ಟ ಬಿಟ್ಟು ಹೋಗಬಹುದು.