ಕೊಳಗ ಈಗ ಯಂತ್ರದೊಳಗೆ

(ತಾಲ್ಲೂಕು ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಶಿಬಿರದ ವ್ಯವಸ್ಥಾಪಕರು ನನಗೆ ಕೊಟ್ಟಿರುವ ವಿಷಯ “ಮೊಬೈಲ್ ಫೋನು ಮತ್ತು ನಮ್ಮ ಸಾಮಾಜಿಕ ಜೀವನ” ಎಂಬುದು. ಈ ಮಾತು ಬಂದ ಕೂಡಲೆ ಹುಡುಗರು ಕೆಟ್ಟರು, ಅರಳಿಕಟ್ಟೆಗಳು ಬರಿದಾದವು, ಒಂದೇ ಮನೆಯವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂದು ಹಲುಬುವವರುಂಟು. ನಾನು ಆ ಗುಂಪಿಗೆ ಸೇರಿದವನಲ್ಲ. ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮಗನ ಕಾಗದಕ್ಕಾಗಿ ತಿಂಗಳುಗಟ್ಟಲೆ ಕಾದು, ಬಂದ ಕಾಗದವನ್ನು ಅಂಚೆಯವನಿಂದಲೋ ಮೇಷ್ಟರಿಂದಲೋ ಓದಿಸಿಕೊಳ್ಳಬೇಕಾಗಿದ್ದ ತಾಯಿ ಇಂದು ದಿನವೂ ಅವನ ದನಿ ಕೇಳುತ್ತಾಳೆ. ತನ್ನ ಮನೆಯ ಗುಟ್ಟನ್ನು ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳುವುದು ಬಡವರಿಗೆ ಸುಖದ ಸಂಗತಿಯೇನೂ ಆಗಿರಲಿಲ್ಲ. ತಂತಿ ಬಂತೆಂದರೆ ಸಾವಿನ ಸುದ್ದಿಯೇ ಎಂದು ಓಣಿಗೆ ಓಣಿಯೇ ನಡುಗುತ್ತಿತ್ತು. ಆ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಹೋಗಲಿ ಬಿಡಿ.

ನನ್ನ ಪ್ರಶ್ನೆ ಬೇರೆ. ಮಾತನ್ನಾಡುವವನು ಎದುರಿಗಿದ್ದರೆ “ಯಾರು ಹೇಳಿದರು? ನೀನು ಕಣ್ಣಾರೆ ಕಂಡೆಯಾ?” ಎಂದು ಕೇಳಬಹುದು. ಲೆಕ್ಕ ಬರೆಯುವವನು ಎದುರಿಗಿದ್ದರೆ “ತೋರಿಸು ನಿನ್ನ ಪುಸ್ತಕ” ಎನ್ನಬಹುದು. ಹೀಗೆ ಎದುರು ನಿಂತು ಕೇಳುವ ಹಕ್ಕು ಈ ಹೊಸ ಸಾಧನದ ದೆಸೆಯಿಂದ ಬೆಳೆಯಿತೋ ಮೊಟಕಾಯಿತೋ? ಇದನ್ನು ನಾವು ನೋಡಬೇಕು.

ನಮ್ಮ ರಾಜ್ಯದಲ್ಲೇ ನಡೆದ ಸಂಗತಿಯೊಂದನ್ನು ನೆನಪು ಮಾಡಿಕೊಳ್ಳಿ. 2018ರ ಜುಲೈಯಲ್ಲಿ ಹೈದರಾಬಾದಿನಿಂದ ಬೀದರ ಜಿಲ್ಲೆಗೆ ಬಂದಿದ್ದ ಕೆಲವು ಯುವಕರು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಗುಮಾನಿ ಎದ್ದಿತು. ಅವರು ಕಾರು ಹತ್ತಿ ಹೊರಟರೆ, ಕಾರಿಗಿಂತ ಮುಂಚೆ ವಾಟ್ಸಾಪಿನ ಸುದ್ದಿ ಮುರ್ಕಿ ಗ್ರಾಮ ಸೇರಿತ್ತು. ಅಲ್ಲಿ ದಾರಿ ಕಟ್ಟಿ ಹೊಡೆದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಒಬ್ಬ ಯುವಕ ಸತ್ತ. ಸುದ್ದಿ ಹುಟ್ಟಿದ ಊರಿನಲ್ಲಾದರೆ “ಮಗು ಎಲ್ಲಿ, ಕರೆದುಕೊಂಡು ಬನ್ನಿ, ಕೇಳೋಣ” ಎನ್ನಲು ಒಬ್ಬ ಹಿರಿಯನಿಗಾದರೂ ಅವಕಾಶವಿತ್ತು. ಮುಂದಿನ ಊರಿನವರಿಗೆ ಚಿತ್ರ ಬಂತು, ಮಾತು ಬಂತು, ಆಡಿದವನು ಬರಲಿಲ್ಲ. ಗಾಳಿಸುದ್ದಿ ಹಿಂದೆಯೂ ಇತ್ತು, ಸಂತೆಯಿಂದ ಸಂತೆಗೆ ಕಾಲ್ನಡಿಗೆಯಲ್ಲಿ ಹೋಗುತ್ತಿತ್ತು, ದಾರಿಯಲ್ಲಿ ಯಾರಾದರೂ ಅದರ ಕೊರಳಪಟ್ಟಿ ಹಿಡಿಯುತ್ತಿದ್ದರು. ಆ ತಿಂಗಳೇ ಕಂಪನಿಯವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸದಂತೆ ಮಿತಿ ಹಾಕಿದರು. ಜೀವ ಹೋದ ಮೇಲೆ!

ಇನ್ನು ಕೂಲಿಯ ಮಾತು. ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಹೂಡಿದಾಗ, ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೂ ಒಂದು ತಕರಾರಾಗಿತ್ತು. ಲೋಹಿಯಾ ಅವರು ಅಲ್ಲಿಗೆ ಬಂದು ಸೆರೆಯಾದದ್ದನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ, ಕೊಳಗವನ್ನು ಮರೆಯುತ್ತೇವೆ. ಒಡೆಯನ ಕೊಳಗ ದೊಡ್ಡದಾದರೂ ಅದು ಕಣ್ಣಿಗೆ ಕಾಣುತ್ತಿತ್ತು. ಗೇಣಿದಾರ ತನ್ನ ಕೊಳಗವನ್ನು ಪಕ್ಕದಲ್ಲಿಟ್ಟು “ನೋಡಿ ಒಡೆಯರೆ” ಎನ್ನಬಹುದಿತ್ತು.

ಈಗಿನ ಕೊಳಗ ಯಾವುದು? ಉದ್ಯೋಗ ಖಾತ್ರಿಯ ಕೂಲಿಕಾರರ ಹಾಜರಿಯನ್ನು ಫೋನಿನಲ್ಲಿ ಫೋಟೋ ತೆಗೆದೇ ಹಾಕಬೇಕೆಂದು 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು ಉಳಿದೆಲ್ಲ ಕಾಮಗಾರಿಗಳಿಗೂ ಕಡ್ಡಾಯ ಮಾಡಲಾಯಿತು. ದಿನಕ್ಕೆ ಎರಡು ಫೋಟೋ. ಕೆರೆಯ ಅಂಗಳದಲ್ಲಿ ಸಿಗ್ನಲ್ ಇಲ್ಲವೆಂದು ಕಾಯಕ ಬಂಧು ಫೋನನ್ನು ಎತ್ತಿ ಹಿಡಿದು ದಿಬ್ಬ ಹತ್ತುತ್ತಾನೆ. ಹೂಳು ಹೊತ್ತ ಹೆಂಗಸು, ಮಣ್ಣು ಕೆಡವಿದ ಗುಂಡಿ, ನೋಡಿದ ಜನ ಎಲ್ಲರೂ ಇದ್ದಾರೆ. ಫೋಟೋ ಮೇಲೇರಲಿಲ್ಲವೆಂದರೆ ಕೆಲಸ ನಡೆದೇ ಇಲ್ಲ! ನಮ್ಮ ರಾಜ್ಯದಲ್ಲಿ 2025-26ರ ದರ ದಿನಕ್ಕೆ 370 ರೂಪಾಯಿ. ಅಷ್ಟನ್ನು ಕಳೆದುಕೊಂಡವಳು ಯಾರನ್ನು ಕೇಳಬೇಕು? ಕಾಯಕ ಬಂಧು ಪಿ.ಡಿ.ಓ. ಕಡೆ ಕೈ ತೋರಿಸುತ್ತಾನೆ, ಪಿ.ಡಿ.ಓ. ತಾಲ್ಲೂಕಿನ ಕಡೆ, ತಾಲ್ಲೂಕಿನವರು ಸರ್ವರಿನ ಕಡೆ. ಸರ್ವರಿಗೆ ಬಾಗಿಲೂ ಇಲ್ಲ, ಮೆಟ್ಟಿಲೂ ಇಲ್ಲ, ಧರಣಿ ಕೂರುವುದೆಲ್ಲಿ?

ಇಷ್ಟು ಮಾಡಿ ಕಳ್ಳರು ಸಿಕ್ಕರೇ? 2025ರ ಜುಲೈಯಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಸಂಬಂಧವಿಲ್ಲದ ಚಿತ್ರಗಳನ್ನೂ ಫೋಟೋದ ಫೋಟೋಗಳನ್ನೂ ಹಾಕಿ ಹಾಜರಿ ತುಂಬುತ್ತಿದ್ದಾರೆಂದು ದೂರಿತು. ಕಳ್ಳಲೆಕ್ಕದವನಿಗೆ ಯಂತ್ರ ಒಗ್ಗಿತು, ಗೇಯುವವಳಿಗೆ ಒಗ್ಗಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಈ ಕಾಯಿದೆಯ ಜಾಗಕ್ಕೆ ಬೇರೊಂದನ್ನು ಅಂಗೀಕರಿಸಿತು. ಹೆಸರು ಬದಲಾಯಿತೇ ಹೊರತು ಹೆಬ್ಬೆಟ್ಟು, ಫೋನುಗಳ ಮೇಲಿನ ಮೋಹ ಅದರಲ್ಲೂ ಹಾಗೆಯೇ ಇದೆ.

ಹೆಂಗಸರ ವಿಚಾರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ತಾವೇ ಬಳಸುವ ಫೋನುಳ್ಳ ಹೆಂಗಸರು ನೂರಕ್ಕೆ 54 ಮಾತ್ರ. ಉಳಿದವರ ಹೆಸರಿಗೆ ಹಣ ಬಂದರೂ, ಬಂತೆಂಬ ಸುದ್ದಿ ಬೀಳುವುದು ಗಂಡನದೋ ಮಗನದೋ ಜೇಬಿಗೆ. ಒ.ಟಿ.ಪಿ. ಯಾರ ಜೇಬಿನಲ್ಲೋ ಯಜಮಾನಿಕೆ ಅವನದು. ಹಿಂದೆ ಕಾಗದ ಓದಿಸಲು ಬಾಗಿಲು ಬಾಗಿಲು ತಿರುಗಿದ ತಾಯಿಯ ಕತೆ ಮುಗಿದಿಲ್ಲವೆಂದು ಇದಕ್ಕೇ ಹೇಳುತ್ತೇನೆ. ಮೇಲಾಗಿ ಆ ಸಂದೇಶ ಎಷ್ಟೋ ಸಲ ಇಂಗ್ಲಿಷಿನಲ್ಲಿ! ಬ್ಯಾಂಕಿಗೆ ಕನ್ನಡದ ಠೇವಣಿ ಬೇಕು, ಕನ್ನಡದ ಅಕ್ಷರ ಬೇಡ.

ನಮ್ಮ ಕಾರ್ಯಕರ್ತರಲ್ಲೂ ಒಂದು ರೋಗ ಹತ್ತಿದೆ. “ಗ್ರೂಪಿಗೆ ಹಾಕಿದ್ದೇನೆ” ಎಂದರೆ ಸಭೆ ಕರೆದಂತಾಯಿತೆಂದು ತಿಳಿದಿದ್ದಾರೆ. ಗ್ರೂಪಿನಲ್ಲಿ ಇನ್ನೂರು ಹೆಬ್ಬೆಟ್ಟು ಎದ್ದಿರುತ್ತವೆ, ಸಭೆಗೆ ಹನ್ನೊಂದು ಜನ. ಫೋನಿಲ್ಲದ ಕೇರಿಯವರಿಗೆ ಸಭೆ ಇತ್ತೆಂಬುದೇ ತಿಳಿದಿರುವುದಿಲ್ಲ. ಕೇರಿಗೆ ಹೋಗಿ, ಬಾಗಿಲಲ್ಲಿ ನಿಂತು, ಬೈಸಿಕೊಂಡಾದರೂ ಮಾತನಾಡಬೇಕು.

ಫೋನನ್ನು ಒಡೆದುಹಾಕಿ ಎಂದು ನಾನು ಹೇಳಲು ಬಂದಿಲ್ಲ. ಸರ್ಕಾರದ ಕೂಲಿ ಕೆಲಸ ಯಾವ ಹೆಸರಿನಲ್ಲಿ ನಡೆದರೂ, ಕೆಲಸದ ಜಾಗದಲ್ಲೇ ಕಾಗದದ ಮೇಲೆ ಹಾಜರಿ ಬರೆದು, ಬಂದವರೆಲ್ಲರ ಸಹಿ ಹೆಬ್ಬೆಟ್ಟು ಹಾಕಿಸಿ. ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಯಂತ್ರದ ಲೆಕ್ಕಕ್ಕೂ ಇದಕ್ಕೂ ತಾಳೆಯಾಗದಿದ್ದರೆ, ಉತ್ತರ ಕೊಡುವ ಅಧಿಕಾರಿ ಯಾರು ಎಂಬುದನ್ನು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಉದ್ದ ನೋಟುಬುಕ್ಕುಗಳನ್ನು ಆ ಮೇಜಿನ ಮೇಲೆ ಇಡಿಸಿದೆ. ಹೋಗುವಾಗ ಊರಿಗೊಂದರಂತೆ ತೆಗೆದುಕೊಂಡು, ಊರಿನ ಹೆಸರನ್ನು ಮೊದಲ ಪುಟದಲ್ಲಿ ಇಲ್ಲೇ ಬರೆದುಕೊಂಡು ಹೋಗಿ.