ಬೆರಕೆಯೋ, ಬೆಸುಗೆಯೋ?



ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಮನೆಯ ಮಗ್ಗುಲಲ್ಲೇ ಒಬ್ಬ ತರುಣನಿದ್ದಾನೆ. ಮೂರು ವರ್ಷಗಳಿಂದ ಮೋರ್ಸಿಂಗ್ ಅಭ್ಯಾಸ ಮಾಡುತ್ತಿದ್ದಾನೆ. ಮೊನ್ನೆ ಸಂಜೆ ಗಿಟಾರ್ ನುಡಿಸುವ ಗೆಳೆಯನೊಬ್ಬನನ್ನು ಕರೆತಂದು, ಮಹಡಿಯ ಮೇಲೆ ಇಬ್ಬರೂ ಕೂಡಿ ನುಡಿಸತೊಡಗಿದರು. ಅವನ ತಂದೆ ಕೆಳಗಿನಿಂದಲೇ ಗುಡುಗಿದರು: "ವಿದ್ಯೇನ ಹಿಂಗ ಕಲಬೆರಕೆ ಮಾಡೋದಾದ್ರ ನಾಳಿಂದ ಪಾಠಕ್ಕ ಹೋಗಬ್ಯಾಡ!" ರಾತ್ರಿ ಹುಡುಗ ನನ್ನ ಬಳಿಗೆ ಬಂದು, "ನಾನು ಮಾಡಿದ್ದು ತಪ್ಪಾ, ಮಾಮಾ?" ಎಂದು ಕೇಳಿದ. ಆಗ ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಉಳಿದುದನ್ನು ಇಂದು ನಿಮ್ಮೆದುರು ಹೇಳಬಯಸುತ್ತೇನೆ.

ಆ ತಂದೆಯ ಆತಂಕ ಹೊಸದಲ್ಲ. ಯೂರೋಪಿನಿಂದ ಬಂದ ಹಾರ್ಮೋನಿಯಂ ನಮ್ಮ ಗಮಕಗಳಿಗೆ ಒಗ್ಗದೆಂದು ಆಕಾಶವಾಣಿಯೇ 1940ರಲ್ಲಿ ಅದಕ್ಕೆ ಬಾಗಿಲು ಮುಚ್ಚಿತು. ಆ ಬಾಗಿಲು ಮತ್ತೆ ತೆರೆಯಲು ಮೂರು ದಶಕಗಳು ಬೇಕಾದವು. ಅಷ್ಟರಲ್ಲಿ ನಾಟಕ ಕಂಪನಿಗಳ ಕಾಲುಹಾರ್ಮೋನಿಯಂ, ಯಾರ ಅಪ್ಪಣೆಗೂ ಕಾಯದೆ, ರಂಗಗೀತೆಯ ಉಸಿರೇ ಆಗಿಹೋಗಿತ್ತು. ಹಾಗೆಂದು ಆಕ್ಷೇಪವೆಲ್ಲ ಹುಸಿಯೆನ್ನಲಾಗದು. ಹಾರ್ಮೋನಿಯಂನ ಎರಡು ಮನೆಗಳ ನಡುವೆ ಇರುವ ಸೂಕ್ಷ್ಮಸ್ವರಗಳು ಅದಕ್ಕೆ ದಕ್ಕವೆಂಬುದು ನಿಜವೇ.

ಮೋರ್ಸಿಂಗಿನ ಸ್ವಭಾವ ಬೇರೆ. ಅದನ್ನು ಹಲ್ಲಿಗೆ ಆನಿಸಿ ಹಿಡಿದು, ಅದರ ಉಕ್ಕಿನ ನಾಲಗೆಯನ್ನು ಬೆರಳಿನಿಂದ ಮೀಟುತ್ತಾರೆ. ಹೊರಡುವ ಮೂಲಶ್ರುತಿ ಒಂದೇ. ಆದರೆ ಅದರೊಳಗೆ ಅಡಗಿರುವ ಉಪಸ್ವರಗಳಲ್ಲಿ ಯಾವುದು ಮೇಲೆದ್ದು ಕೇಳಬೇಕೆಂಬುದನ್ನು ನಿರ್ಧರಿಸುವುದು ವಾದಕನ ಬಾಯಿಯ ಆಕಾರ. ತಂಬೂರಿಯ ಷಡ್ಜದಿಂದ ಯಾರೂ ಮೀಟದ ಅಂತರಗಾಂಧಾರ ತಾನಾಗಿ ಹೊಮ್ಮುತ್ತದಲ್ಲವೆ? ಮೂಲಕ್ಕೆ ಐದು ಪಟ್ಟು ವೇಗದಲ್ಲಿ ಕಂಪಿಸುವ ಅದೂ ಇಂಥದೇ ಉಪಸ್ವರ. ಸೈಬೀರಿಯದ ದಕ್ಷಿಣದಲ್ಲಿರುವ ತುವಾ ಎಂಬ ನಾಡಿನ ಗಾಯಕರು ಇದನ್ನೇ ವಾದ್ಯದ ಹಂಗಿಲ್ಲದೆ ಗಂಟಲಿನಿಂದ ಸಾಧಿಸುತ್ತಾರೆ. ಒಬ್ಬನೇ ಹಾಡುತ್ತಿದ್ದರೂ ಕೆಳಗೊಂದು ತಗ್ಗುಶ್ರುತಿ, ಮೇಲೊಂದು ಸಿಳ್ಳಿನಂಥ ರಾಗ ಒಟ್ಟಿಗೆ ಕೇಳುತ್ತವೆ. ಮೋರ್ಸಿಂಗಿನ ಸೋದರನೆನ್ನಬಹುದಾದ 'ಖೊಮುಸ್' ಎಂಬ ವಾದ್ಯವೂ ಅಲ್ಲಿ ಉಂಟು.

ಈ ಗಾನವನ್ನು ಅಮೆರಿಕದ ಬ್ಲೂಸ್‌ನೊಡನೆ ಬೆಸೆದವನು ಪಾಲ್ ಪೆನಾ. ಕಣ್ಣು ಕಾಣದ ಗಾಯಕ, ಗಿಟಾರ್ ವಾದಕ. ಬ್ಲೂಸ್ ಅಮೆರಿಕದ ಕರಿಯ ಜನರ ನೋವಿನಿಂದ ಹುಟ್ಟಿದ ಹಾಡು. ಅದರ ಗಾಂಧಾರ ನಮ್ಮ ಸಾಧಾರಣ, ಅಂತರ ಗಾಂಧಾರಗಳ ನಡುವೆ ಎಲ್ಲೋ ತೂಗುತ್ತಿರುತ್ತದೆ. 1984ರ ಒಂದು ರಾತ್ರಿ ಪೆನಾ ಶಾರ್ಟ್‌ವೇವ್ ರೇಡಿಯೋದ ಮುಳ್ಳು ತಿರುವುತ್ತಿದ್ದಾಗ, ಮಾಸ್ಕೋ ಪ್ರಸಾರದಲ್ಲಿ ತುವಾದ ಗಾಯನ ಕಿವಿಗೆ ಬಿತ್ತು. ಅದನ್ನು ಧ್ವನಿಮುದ್ರಿಕೆಗಳಿಂದ ತಾನೇ ಅಭ್ಯಾಸ ಮಾಡಿದ. ಆ ಭಾಷೆಗೆ ಇಂಗ್ಲಿಷ್ ನಿಘಂಟು ದೊರೆಯದೆ, ತುವಾದಿಂದ ರಷ್ಯನ್ನಿಗೆ, ರಷ್ಯನ್ನಿನಿಂದ ಇಂಗ್ಲಿಷಿಗೆ ಎರಡೆರಡು ನಿಘಂಟುಗಳ ಮೂಲಕ ಪದಪದವನ್ನೂ ಅರಿತುಕೊಂಡ. 1995ರಲ್ಲಿ ತುವಾದ ರಾಜಧಾನಿ ಕಿಜಿಲ್‌ಗೆ ಹೋಗಿ, ಕರ್ಗಿರಾ ಎಂಬ ತಗ್ಗುದನಿಯ ಪದ್ಧತಿಯ ಸ್ಪರ್ಧೆಯಲ್ಲಿ ಗೆದ್ದ. 2005ರಲ್ಲಿ ತೀರಿಕೊಂಡ. ರೇಡಿಯೋ ಕೇಳಿಸಿದ್ದು ಒಂದು ದನಿಯನ್ನು. ಉಳಿದ ಹನ್ನೊಂದು ವರ್ಷಗಳ ದುಡಿಮೆ ಅವನದು.

ನಮ್ಮ ನಾಡಿನವರು ಇಂಥ ಹಾದಿಯನ್ನು ಮೊದಲೇ ತುಳಿದಿದ್ದರು. ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ತಾಳವಾದ್ಯಗಳ ಶಿಕ್ಷಣಕ್ಕೆಂದು 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್' ಸ್ಥಾಪಿಸಿದರು. ಆ ಬಳಗ 1983ರಲ್ಲಿ ಜರ್ಮನಿಯಲ್ಲಿ ಅಮೆರಿಕದ ಚಾರ್ಲಿ ಮರಿಯಾನೋ ಅವರೊಡನೆ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ಮಾಡಿತು. ಆರ್. ಎ. ರಮಾಮಣಿಯವರ ಕಂಠ, ಮಣಿಯವರ ಮೃದಂಗ, ಆರ್. ಎ. ರಾಜಗೋಪಾಲರ ಘಟ ಹಾಗೂ ಮೋರ್ಸಿಂಗ್, ಟಿ. ಎನ್. ಶಶಿಕುಮಾರರ ಖಂಜಿರ, ಇವುಗಳ ನಡುವೆ ಮರಿಯಾನೋ ಅವರ ಸ್ಯಾಕ್ಸೊಫೋನ್. ಅವರ ಜಾಝ್ ಸಂಗೀತದ ಬೇರು ಬ್ಲೂಸ್‌ನಲ್ಲೇ ಇದೆ.

ಆ ಮುದ್ರಿಕೆಯಲ್ಲಿ ಪಿಯಾನೋ ಇಲ್ಲ, ಡ್ರಮ್ಮುಗಳಿಲ್ಲ. ಕೆಳಗೆ ಹಾಸಿರುವುದು ತಂಬೂರಿ. ಸ್ವರದ ಮೇಲೆ ಸ್ವರ ಪೇರಿಸುವ ಪಾಶ್ಚಾತ್ಯ ಪದ್ಧತಿಯನ್ನು ಅತಿಥಿ ಬದಿಗಿಟ್ಟರೆ, ಆತಿಥೇಯರು ರಾಗತಾಳಗಳನ್ನು ಕೈಬಿಡದೆ ಅವರಿಗೆ ಎಡೆ ಮಾಡಿಕೊಟ್ಟಿದ್ದಾರೆ. ಎರಡೂ ಕಡೆಯವರಿಗೆ ಸಾಮಾನ್ಯವಾದದ್ದು ಮನೋಧರ್ಮ. ಆದ್ದರಿಂದ ಅವರು ಕೂಡುವುದೂ ಅಲ್ಲಿಯೇ. ಇದಕ್ಕೆ ಮರಿಯಾನೋ ಸಿದ್ಧರಾಗಿದ್ದುದು ಆಕಸ್ಮಿಕವಲ್ಲ. ಸ್ಯಾಕ್ಸೊಫೋನಿನಲ್ಲಿ ಹೆಸರು ಮಾಡಿದ ಮೇಲೂ ಅವರು ಶಿಷ್ಯರಾಗಿ ನಾಗಸ್ವರ ಕಲಿತಿದ್ದರು.

ಹಾಲಿಗೆ ನೀರು ಬೆರೆಸಲು ಯಾವ ವಿದ್ಯೆಯೂ ಬೇಡ, ಅದು ಕಲಬೆರಕೆ. ಎರಡು ಲೋಹಗಳಾದರೋ ಎರಡೂ ಕಾಯದೆ ಬೆಸುಗೆಯಾಗವು. ತಂದೆಯ ಭಯಕ್ಕೂ ಮಗನ ಆಸೆಗೂ ಇದೇ ಸಮಾಧಾನವೆಂದು ನನಗೆ ತೋರುತ್ತದೆ. ಪರಕೀಯವಾದುದನ್ನು ಮುಟ್ಟುವುದರಿಂದ ವಿದ್ಯೆ ಕೆಡುವುದಿಲ್ಲ; ತನ್ನದನ್ನೂ ಪರರದನ್ನೂ ಅರ್ಧಕ್ಕೇ ಬಿಟ್ಟರೆ ಕೆಡುತ್ತದೆ.

ಮರುದಿನ ಆ ಇಬ್ಬರು ಹುಡುಗರನ್ನೂ ಕರೆದು ಕೇಳಿದೆ: "ಗಿಟಾರಿನವನೇ, ನಿನಗೆ ಆದಿತಾಳ ಹಾಕಲು ಬರುತ್ತದೆಯೇ? ಮೋರ್ಸಿಂಗಿನವನೇ, ಬ್ಲೂಸ್‌ನ ಹನ್ನೆರಡು ಅಳತೆಗಳ ಸುತ್ತು ನಿನಗೆ ಗೊತ್ತೇ?" ಇಬ್ಬರೂ ತಲೆ ತಗ್ಗಿಸಿದರು. ಈಗ ಸಂಜೆಯ ಹೊತ್ತು ಮಹಡಿಯಿಂದ ಮೊದಲು ಕೇಳಿಬರುವುದು ತಾಳ ಹಾಕುವ ಸದ್ದು, ವಾದ್ಯಗಳು ಆಮೇಲೆ. ತಂದೆ ಮೆಚ್ಚಿದ್ದಾರೆಂದು ನಾನು ಹೇಳಲಾರೆ. ಪಾಠ ಮಾತ್ರ ನಿಂತಿಲ್ಲ.